ಶಿಹೊನಾಗೆ: ಜೊತೆಗಾರನ ಭುಜ ಕಾಯ್ದು ಕೆಡವುವ ಬಗೆ

ಮೊರಿಹೆಯಿ ಉಯೆಶಿಬಾ (1883–1969) ರೂಪಿಸಿದ ಜಪಾನಿ ಸಮರಕಲೆ ಐಕಿಡೊದಲ್ಲಿ ಶಿಹೊನಾಗೆ ಎಂಬುದು ಹೊಸಬರಿಗೆ ಮೊದಮೊದಲೇ ಕಲಿಸುವ ಪಟ್ಟು. ಆದರೂ ತಲೆಯ ಹಿಂಭಾಗ ನೆಲಕ್ಕೆ ಬಡಿಯುವ ಅಪಾಯ ಇದರಲ್ಲಿ ಹೆಚ್ಚು. ಜಪಾನಿನಲ್ಲಿ ಅಭ್ಯಾಸದ ವೇಳೆಯೇ ಇದರಿಂದ ಸಾವು ಸಂಭವಿಸಿದ್ದುಂಟು. ಆದ್ದರಿಂದ ಹಿಂದಕ್ಕೆ ಬೀಳುವ ಉಕೆಮಿ (ಪೆಟ್ಟಾಗದಂತೆ ಬೀಳುವ ಬಗೆ) ಗಟ್ಟಿಯಾಗದೆ ಯಾರನ್ನೂ ನಾನು ಈ ಪಟ್ಟಿನಲ್ಲಿ ಕೆಡವುವುದಿಲ್ಲ. ಗದ್ದ ಎದೆಗೆ ತಾಗಿರಬೇಕು, ಮೊಣಕಾಲು ಮಡಚಿ ಹಿಮ್ಮಡಿಯ ಹತ್ತಿರವೇ ಕುಳಿತು ಬೆನ್ನನ್ನು ಬಾಗಿಸಿ ಉರುಳಬೇಕು, ಬಿಡುವಾಗಿರುವ ಕೈ ಮ್ಯಾಟಿಗೆ ಬಡಿಯಬೇಕು.

ಕುಂಬಳೆಯಲ್ಲಿ ನನ್ನೊಡನೆ ಅಭ್ಯಾಸ ಮಾಡುವ ತಮ್ಮನಂಥ ಹುಡುಗ ಕೇರಳದ ಸಮರಕಲೆಯಾದ ಕಳರಿಯಲ್ಲಿ ಪಳಗಿದವನು. ಸೊಂಟ ತಗ್ಗಿಸಿ ಅವನು ಕಾಲೂರಿ ನಿಂತರೆ ಅಲುಗಿಸುವುದೇ ಕಷ್ಟ. ಇಂಥವರ ವಿಷಯದಲ್ಲಿಯೇ ಹೆಚ್ಚು ಎಚ್ಚರ ಬೇಕೆಂದು ನನ್ನ ಅಭಿಪ್ರಾಯ, ಏಕೆಂದರೆ ಬೀಳಲೊಲ್ಲದ ದೇಹದ ಮೇಲೆ ಬಲ ಹಾಕಿದರೆ ಆ ಬಲವೆಲ್ಲ ಮೊಣಕೈ ಮತ್ತು ಭುಜದ ಕೀಲಿಗೆ ಹೋಗುತ್ತದೆ.

ಅವನು ಎಡಗೈಯಿಂದ ನನ್ನ ಬಲ ಮಣಿಕಟ್ಟನ್ನು ಹಿಡಿಯುತ್ತಾನೆ. ನಾನು ನನ್ನ ಬೆರಳುಗಳನ್ನು ಅಗಲಿಸಿ ತುಸು ಪಕ್ಕಕ್ಕೆ ಸರಿದು, ಅವನ ತೂಕ ಮುಂಗಾಲಿಗೆ ಬರುವಂತೆ ಮಾಡಿ, ಎರಡೂ ಕೈಗಳಿಂದ ಅವನ ಮಣಿಕಟ್ಟನ್ನು ಹಿಡಿದು, ಎಡಗಾಲನ್ನು ಅವನ ಎದುರಿನಿಂದ ದಾಟಿಸಿ, ಕೈಗಳನ್ನು ನನ್ನ ಹಣೆಯ ಮುಂದಕ್ಕೆತ್ತಿ ಅವನ ತೋಳಿನಡಿಯಲ್ಲಿ ತಿರುಗುತ್ತೇನೆ. ತಿರುಗಿ ಮುಗಿದಾಗ ಅವನ ಮುಷ್ಟಿ ಅವನದೇ ಭುಜದ ಹಿಂದೆ, ಭುಜಕ್ಕೆ ಅಂಟಿಕೊಂಡಂತೆ ಇರಬೇಕು. ಪಟ್ಟಿನ ಜೀವಾಳವೇ ಇದು. ಮುಷ್ಟಿ ಭುಜದಿಂದ ಹೊರಕ್ಕೆ ಜಾರಿದರೆ ತೋಳು ತಿರುಚಿಕೊಳ್ಳುತ್ತದೆ, ಅವನಿಗೆ ಉರುಳಲು ದಾರಿಯೇ ಉಳಿಯುವುದಿಲ್ಲ. ಇಲ್ಲಿ ನಾನು ಒಂದು ಉಸಿರಿನಷ್ಟು ನಿಂತು ಅವನ ಮುಖ ನೋಡುತ್ತೇನೆ. “ಅಣ್ಣಾ, ಇನ್ನು ಇಳಿಸಿ” ಎಂದು ಅವನು ಹೇಳಿದ ಮೇಲೆಯೇ ಕತ್ತಿ ಇಳಿಸಿದಂತೆ ನೇರವಾಗಿ, ಅವನ ಬೆನ್ನಿಗೆ ಹತ್ತಿರವಾಗಿ ಕೆಳಕ್ಕೆ ತರುತ್ತೇನೆ. ಅವನು ಕುಳಿತುಕೊಳ್ಳುವ ವೇಗವೇ ನನ್ನ ಕೈಯ ವೇಗ. ಅವನ ಒಂದು ಕೈ ನನ್ನಲ್ಲಿ ಸಿಕ್ಕಿರುವುದರಿಂದ ಬೆನ್ನು ಮ್ಯಾಟಿಗೆ ತಾಗುವವರೆಗೂ ಜಗ್ಗುವುದಿಲ್ಲ, ನೂಕುವುದಿಲ್ಲ. ನೋವೆನಿಸಿದರೆ ಅವನು ಮ್ಯಾಟನ್ನೋ ತನ್ನ ತೊಡೆಯನ್ನೋ ತಟ್ಟುತ್ತಾನೆ. ತಟ್ಟಿದ ಕೂಡಲೇ ಬಿಡುತ್ತೇನೆ. ಕನ್ನಡ, ತುಳು, ಮಲಯಾಳ ಮಾತಾಡುವವರೆಲ್ಲ ಸೇರುವ ನಮ್ಮ ಅಭ್ಯಾಸದಲ್ಲಿ ಈ ತಟ್ಟು ಬಹಳ ಉಪಕಾರಿ.

ಜೂನ್ ಬಂತೆಂದರೆ ಇಲ್ಲಿ ಮ್ಯಾಟು ಒಣಗುವುದೇ ಇಲ್ಲ. ಒಣಬಟ್ಟೆಯಲ್ಲಿ ಒರೆಸಿ, ಅಂಗಾಲಿನಿಂದ ಉಜ್ಜಿ ನೋಡುತ್ತೇವೆ. ಜಾರುವಂತಿದ್ದರೆ ಆ ದಿನ ಮುಷ್ಟಿ ಭುಜಕ್ಕೆ ಬರುವವರೆಗೆ ಮಾತ್ರ ಮಾಡಿ ಕೈ ಬಿಡುತ್ತೇನೆ. ಮುಂದಿನದನ್ನು ಅವನು ತಾನಾಗಿಯೇ ಕುಳಿತು ಉರುಳಿ ಮುಗಿಸುತ್ತಾನೆ.