ಒಂದೇ ಕುಕ್ಕರಿನಲ್ಲಿ ಚೀಸ್ ಪಾಸ್ತಾ: ನೀರು ಅಳೆದು ಹಾಕಿ, ಹಾಲು ಕೊನೆಗೆ ಹಾಕಿ

ಪಾಸ್ತಾವನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ನೀರು ಬಸಿದು, ಬೇರೊಂದು ಬಾಣಲೆಯಲ್ಲಿ ಕಾಯಿಸಿದ ಸಾಸಿನೊಂದಿಗೆ ಕೂಡಿಸುವುದು ವಾಡಿಕೆಯ ಕ್ರಮ. ಕೆಲಸ ಮುಗಿಸಿ ಸಂಜೆ 7ರ ಹೊತ್ತಿಗೆ ಮನೆ ಸೇರುವವರಿಗೆ, ಅದರಲ್ಲೂ ಜುಲೈ ತಿಂಗಳಿನ ತೀರ್ಥಹಳ್ಳಿಯಲ್ಲಿ ಗಾಳಿಮಳೆಗೆ ಕರೆಂಟು ಹೋಗಿ ಟೊಮೆಟೊ ರುಬ್ಬಲು ಮಿಕ್ಸಿಯೂ ತಿರುಗದ ದಿನಗಳಲ್ಲಿ, ಅಷ್ಟೊಂದು ಪಾತ್ರೆ ಹರವಿಕೊಳ್ಳುವ ಉತ್ಸಾಹ ಉಳಿದಿರುವುದಿಲ್ಲ. ಅಂಥ ದಿನಕ್ಕೆ 5 ಲೀಟರಿನ ಪ್ರೆಶರ್ ಕುಕ್ಕರ್ ಒಂದೇ ಸಾಕು. ಈರುಳ್ಳಿ ಹೆಚ್ಚುವುದರಿಂದ ಹಿಡಿದು ತಟ್ಟೆಗೆ ಬಡಿಸುವವರೆಗೆ ಅರ್ಧ ಗಂಟೆಯ ಕೆಲಸ.

ಬಸಿಯುವ ಕ್ರಮದಲ್ಲಿ ಪಾಸ್ತಾ ಬಿಟ್ಟ ಗಂಜಿಯಂಥ ನೀರು ಮೋರಿ ಸೇರುತ್ತದೆ. ಕುಕ್ಕರಿನಲ್ಲಿ ಆ ಗಂಜಿಯೆಲ್ಲ ಒಳಗೇ ಉಳಿದು, ಕೊನೆಯಲ್ಲಿ ಹಾಲು ಮತ್ತು ಚೀಸ್‌ನೊಂದಿಗೆ ಬೆರೆತು ಸಾಸನ್ನು ಗಟ್ಟಿ ಮಾಡುವುದರಿಂದ ಮೈದಾ ಹುರಿದು ಬಿಳಿ ಸಾಸ್ ಮಾಡುವ ಅಗತ್ಯವೇ ಬೀಳುವುದಿಲ್ಲ. ಆದರೆ ಹೆಚ್ಚಾದ ನೀರನ್ನು ಇಲ್ಲಿ ಬಸಿದು ತೆಗೆಯುವಂತಿಲ್ಲವಾದ್ದರಿಂದ ಕಣ್ಣಳತೆಯನ್ನು ನಂಬದೆ ಅಳೆದೇ ಹಾಕಬೇಕು.

ಮೂವರಿಗೆ ಕೊಳವೆಯಾಕಾರದ ಪೆನ್ನೆ ಅಥವಾ ಸುರುಳಿಯಾಕಾರದ ಫುಸಿಲ್ಲಿ ಪಾಸ್ತಾ 250 ಗ್ರಾಂ ಬೇಕು. ಪೊಟ್ಟಣದ ಮೇಲೆ ಡ್ಯೂರಮ್ ಗೋಧಿ ಎಂದು ಬರೆದಿದೆಯೇ ಎಂಬುದನ್ನು ನೋಡಿ ಕೊಳ್ಳಿ. ನಾವು ಉಪ್ಪಿಟ್ಟಿಗೆ ಬಳಸುವ ಬನ್ಸಿ ರವೆಯೂ ಇದೇ ಜಾತಿಯ ಗಟ್ಟಿ ಗೋಧಿಯದು. ಬನ್ಸಿ ರವೆ ಉದುರುದುರಾಗಿ ನಿಲ್ಲುವಂತೆ ಈ ಪಾಸ್ತಾವೂ ಒತ್ತಡದಲ್ಲಿ ಕರಗದೆ ನಿಲ್ಲುತ್ತದೆ. ಮೈದಾದ ಅಗ್ಗದ ಮ್ಯಾಕರೋನಿ ಕುಕ್ಕರಿನಲ್ಲಿ ಬೇಗನೆ ಮುದ್ದೆಯಾಗುತ್ತದೆ. ಇದರೊಂದಿಗೆ ಒಂದು ಈರುಳ್ಳಿ, 6 ಎಸಳು ಬೆಳ್ಳುಳ್ಳಿ, 3 ಹಣ್ಣಾದ ಟೊಮೆಟೊ, ಒಂದು ಕ್ಯಾರೆಟ್, ಒಂದು ದೊಣ್ಣೆಮೆಣಸಿನಕಾಯಿ, ಒಂದು ದೊಡ್ಡ ಚಮಚ ಬೆಣ್ಣೆ, 500 ಮಿ.ಲೀ. ನೀರು, 100 ಮಿ.ಲೀ. ಹಾಲು, 100 ಗ್ರಾಂ ಚೀಸ್ ಇರಲಿ. ಚೀಸ್‌ನಲ್ಲಿಯೇ ಸಾಕಷ್ಟು ಉಪ್ಪಿರುವುದರಿಂದ ಮೊದಲಿಗೆ ಮುಕ್ಕಾಲು ಟೀ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡ.

ಒಲೆ ಹಚ್ಚುವ ಮೊದಲು ಮುಚ್ಚಳವನ್ನು ಬೆಳಕಿಗೆ ಹಿಡಿದು, ವಿಷಲ್ ಕೂರುವ ಕೊಳವೆಯ ತೂತು ಆಚೆಗೆ ಕಾಣುತ್ತಿದೆಯೇ ಎಂದು ಪರೀಕ್ಷಿಸಬೇಕು. ಪಾಸ್ತಾ ಬೇಯುವಾಗ ನೊರೆಯುಕ್ಕುವುದರಿಂದ ಈ ತೂತು ಕಟ್ಟಿಕೊಳ್ಳುವ ಸಂಭವ ಅನ್ನಕ್ಕಿಂತ ಹೆಚ್ಚು. ಇದೇ ಕಾರಣಕ್ಕೆ ಪಾಸ್ತಾ, ತರಕಾರಿ, ನೀರು ಎಲ್ಲವೂ ಸೇರಿ ಕುಕ್ಕರಿನ ಅರ್ಧವನ್ನು ದಾಟಬಾರದು; ನೆಂಟರು ಬಂದಿದ್ದಾರೆಂದು ಅಳತೆಯನ್ನು ಇಮ್ಮಡಿ ಮಾಡುವುದಕ್ಕಿಂತ ಎರಡು ಸಲ ಬೇಯಿಸುವುದು ಲೇಸು.

ಕುಕ್ಕರಿನಲ್ಲಿ ಬೆಣ್ಣೆ ಕರಗಿಸಿ, ಜಜ್ಜಿದ ಬೆಳ್ಳುಳ್ಳಿ ಮತ್ತು ಹೆಚ್ಚಿದ ಈರುಳ್ಳಿಯನ್ನು ಬಾಡಿಸಿ, ಕ್ಯಾರೆಟ್ ಸೇರಿಸಿ. ಈರುಳ್ಳಿ ಕೆಂಪಗಾಗಬೇಕಿಲ್ಲ. ಅಳೆದಿಟ್ಟ ನೀರನ್ನು ಸುರಿದ ಮೇಲೆ ಮರದ ಸೌಟಿನಿಂದ ತಳವನ್ನು ಚೆನ್ನಾಗಿ ಕೆರೆಯಬೇಕು, ಏಕೆಂದರೆ ತಳಕ್ಕೆ ಅಂಟಿ ಉಳಿದ ಒಂದು ಚೂರು ಈರುಳ್ಳಿಯೂ ಒತ್ತಡ ಏರುವಷ್ಟರಲ್ಲಿ ಸೀದು ಇಡೀ ಅಡುಗೆಗೆ ವಾಸನೆ ಹತ್ತಿಸುತ್ತದೆ. ಉಪ್ಪು ಹಾಕಿ, ನೀರು ಕುದಿ ಬಂದಾಗ ಪಾಸ್ತಾ ಸುರಿದು, ಸಣ್ಣಗೆ ಹೆಚ್ಚಿದ ಟೊಮೆಟೊವನ್ನು ಅದರ ಮೇಲೆ ಹರಡಿ. ಇಲ್ಲಿಂದ ಮುಂದೆ ಕದಡಬೇಡಿ. ಟೊಮೆಟೊದ ತಿರುಳು ತಳಕ್ಕಿಳಿದರೆ ಹಿಡಿದುಕೊಳ್ಳುತ್ತದೆ. ಮೇಲೆಯೇ ಇದ್ದರೆ ಆವಿಯಲ್ಲಿ ಬೆಂದು ತಾನೇ ರಸ ಬಿಡುತ್ತದೆ.

ದೊಡ್ಡ ಉರಿಯಲ್ಲಿ ಒಂದು ಕೂಗು ಬಂದೊಡನೆ ಉರಿಯನ್ನು ಪೂರ್ತಿ ಸಣ್ಣದು ಮಾಡಿ, 3 ನಿಮಿಷ ಬಿಟ್ಟು ಆರಿಸಿ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ನಿಂತರೆ, ಕುಕ್ಕರಿನೊಳಗೆ ಅದು 120ರ ಹತ್ತಿರಕ್ಕೆ ಏರುತ್ತದೆ. ಪೊಟ್ಟಣದ ಮೇಲೆ 11 ನಿಮಿಷ ಎಂದಿದ್ದರೂ ಇಲ್ಲಿ 3 ನಿಮಿಷ ಸಾಲುವುದು ಅದಕ್ಕೇ. ಕೂಗು ಬರುವ ಮೊದಲೂ ಆರಿಸಿದ ಮೇಲೂ ಪಾಸ್ತಾ ಬೇಯುತ್ತಲೇ ಇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇಳೆಗೆ ಬಿಟ್ಟಂತೆ ಒತ್ತಡ ತಾನಾಗಿ ಇಳಿಯಲೆಂದು ಕಾಲು ಗಂಟೆ ಬಿಟ್ಟರೆ ಪಾಸ್ತಾ ಕಳಿತುಹೋಗುತ್ತದೆ. 3 ನಿಮಿಷ ತಡೆದು, ಮುಖವನ್ನು ದೂರವಿಟ್ಟುಕೊಂಡು, ಉದ್ದ ಹಿಡಿಯ ಚಮಚದಿಂದ ವಿಷಲನ್ನು ತುಸುವೇ ಎತ್ತಿ ಆವಿ ಬಿಡಿ. ಆವಿಯ ಜೊತೆ ಗಂಜಿನೀರು ಚಿಮ್ಮತೊಡಗಿದರೆ ತಕ್ಷಣ ವಿಷಲ್ ಬಿಟ್ಟು, ಅರ್ಧ ನಿಮಿಷ ಕಳೆದು ಮತ್ತೆ ಎತ್ತಬೇಕು. ಆವಿಯ ಸದ್ದು ಪೂರ್ತಿ ನಿಲ್ಲುವವರೆಗೆ ಮುಚ್ಚಳಕ್ಕೆ ಕೈ ಹಚ್ಚಬಾರದು.

ಮುಚ್ಚಳ ತೆಗೆದಾಗ ಎಲ್ಲವೂ ತೆಳ್ಳಗೆ ಸಾರಿನಂತೆ ಕಂಡರೆ ಗಾಬರಿ ಬೇಡ. ಒಂದು ನಿಮಿಷ ಮೆಲ್ಲಗೆ ತಿರುವಿದರೆ ಟೊಮೆಟೊ ಒಡೆದು ಗಂಜಿಯೊಂದಿಗೆ ಕೂಡಿಕೊಳ್ಳುತ್ತದೆ. ಹಾಲಿನ ಸರದಿ ಈಗ. ಮೊದಲ ಸಲ ಮಾಡಿದಾಗ ನಾನು ಜಾಣತನ ತೋರಿಸಲು ಹೋಗಿ ನೀರಿನ ಜೊತೆಗೇ ಹಾಲನ್ನೂ ಸುರಿದಿದ್ದೆ. ಕೂಗು ಬರಬೇಕಾದಲ್ಲಿ ಹಾಲು ಕಾರಂಜಿಯಂತೆ ಚಿಮ್ಮಿ ಗೋಡೆಯ ಕ್ಯಾಲೆಂಡರಿನವರೆಗೂ ಹಾರಿತು. ಒಳಗೆ ಉಳಿದದ್ದು ಟೊಮೆಟೊದ ಹುಳಿಗೆ ಒಡೆದು ಗಿಣ್ಣಿನ ಚೂರುಗಳಂತೆ ತೇಲುತ್ತಿತ್ತು. ಆದ್ದರಿಂದ ಹಾಲನ್ನು ಬೇರೆಯಾಗಿ ಬೆಚ್ಚಗೆ ಮಾಡಿಕೊಂಡು, ಸಣ್ಣ ಉರಿಯಲ್ಲಿ, ತಿರುವುತ್ತಾ ಸ್ವಲ್ಪಸ್ವಲ್ಪವಾಗಿ ಸೇರಿಸಿ. ದೊಣ್ಣೆಮೆಣಸಿನಕಾಯಿಯ ಹೋಳುಗಳನ್ನೂ ಈಗಲೇ ಹಾಕಿದರೆ ಅವು ಮೆತ್ತಗಾಗದೆ ಕರುಂ ಎನ್ನುತ್ತವೆ.

ಒಲೆ ಆರಿಸಿದ ಮೇಲೆ ತುರಿದ ಚೀಸನ್ನು ಮೂರು ಕಂತಿನಲ್ಲಿ ಬೆರೆಸಬೇಕು. ಉರಿಯ ಮೇಲೆ ಹಾಕಿದರೆ ಜಿಡ್ಡು ಬಿಟ್ಟುಕೊಂಡು ರಬ್ಬರಿನಂತೆ ಗಂಟು ಕಟ್ಟುತ್ತದೆ. ಕ್ಯೂಬ್ ರೂಪದಲ್ಲಿ ಸಿಗುವ ಸಂಸ್ಕರಿಸಿದ ಚೀಸ್‌ಗೆ ಜಿಡ್ಡು ಮತ್ತು ನೀರನ್ನು ಬೇರ್ಪಡದಂತೆ ಹಿಡಿದಿಡುವ ಲವಣಗಳನ್ನು ಸೇರಿಸಿರುತ್ತಾರಾದ್ದರಿಂದ ಅದು ನಯವಾಗಿ ಕರಗುತ್ತದೆ; ಮೊಝರೆಲ್ಲಾ ಎಳೆ ಎಳೆಯಾಗುತ್ತದೆ. ಮೂರು ಪಾಲು ಮೊದಲನೆಯದು, ಒಂದು ಪಾಲು ಎರಡನೆಯದು ಎಂಬುದು ನನ್ನ ಲೆಕ್ಕ.

ಒರೆಗಾನೊ ಪೊಟ್ಟಣಕ್ಕಾಗಿ ಮಳೆಯಲ್ಲಿ ಪೇಟೆಗೆ ಓಡಬೇಕಾಗಿಲ್ಲ. ನಾವು ತಂಬುಳಿಗೆ ಕೀಳುವ ದೊಡ್ಡಪತ್ರೆಗೂ ಒರೆಗಾನೊಗೂ ಘಾಟು ಕೊಡುವುದು ಕಾರ್ವಕ್ರಾಲ್ ಎಂಬ ಒಂದೇ ಎಣ್ಣೆಯಂಶ. ಎರಡೇ ಎಲೆಗಳನ್ನು ಸಣ್ಣಗೆ ಹೆಚ್ಚಿ ಚೀಸ್‌ನ ಜೊತೆ ಹಾಕಿದರೆ ಸಾಕು. ನಾಲ್ಕಾದರೆ ಪಾಸ್ತಾ ಹೋಗಿ ಕೆಮ್ಮಿನ ಕಷಾಯದ ನೆನಪಾಗುತ್ತದೆ. ತೋಟದ ಕರಿಮೆಣಸನ್ನು ಆಗಷ್ಟೇ ಕುಟ್ಟಿ ಉದುರಿಸಿ. ಖಾರ ಬೇಕೆನ್ನುವವರು ಒಂದು ಸೂಜಿಮೆಣಸನ್ನು ಬೆಳ್ಳುಳ್ಳಿಯ ಜೊತೆಗೇ ಜಜ್ಜಿಕೊಳ್ಳಬಹುದು.

ಎರಡು ನಿಮಿಷ ಮುಚ್ಚಿಟ್ಟು, ಸಾಸ್ ಇನ್ನೂ ತುಸು ತೆಳ್ಳಗಿರುವಾಗಲೇ ಬಡಿಸಿ, ಏಕೆಂದರೆ ತಟ್ಟೆಯಲ್ಲಿ ಅದು ಮತ್ತಷ್ಟು ಬಿಗಿಯುತ್ತದೆ. ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಒಂದೆರಡು ಚಮಚ ಹಾಲು ಚಿಮುಕಿಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಬಹುದು. ಕುಕ್ಕರಿಗೆ ಊಟವಾದ ಕೂಡಲೇ ತಣ್ಣೀರು ತುಂಬಿಸಿ, ಮುಚ್ಚಳದ ರಬ್ಬರನ್ನು ಬಿಡಿಸಿ ಬೇರೆಯಾಗಿ ತೊಳೆಯಿರಿ. ಇಲ್ಲದಿದ್ದರೆ ಮರುದಿನದ ತೊಗರಿಬೇಳೆಗೂ ಚೀಸ್‌ನ ವಾಸನೆ ಅಂಟಿಕೊಳ್ಳುತ್ತದೆ.