ಆನ್‌ಲೈನ್‌ನಲ್ಲಿ ಬಿಡಿ ರತ್ನ: ಮೊದಲು ಮೂರು ಅಗ್ಗದ ಕಲ್ಲು

ಕೈಯಲ್ಲಿ ಹಿಡಿದು ನೋಡದ ಕಲ್ಲಿಗೆ ದುಡ್ಡು ಹಾಕಬೇಡ, ಅದರಲ್ಲೂ ಹೆಸರೇ ಕೇಳದ ಸಣ್ಣ ಮಾರಾಟಗಾರನಿಂದ ಕೊಳ್ಳಲೇಬೇಡ ಎಂದು ಬುದ್ಧಿ ಹೇಳದವರಿಲ್ಲ. ಮೊದಲ ಕಂತಿನ 12 ಕಲ್ಲುಗಳಲ್ಲಿ 5 ಕೈಕೊಟ್ಟಾಗ ಅವರ ಮಾತೇ ಗೆದ್ದಿತ್ತು. ಹಾಕಿದ ಹಣದಲ್ಲಿ ಹೆಚ್ಚುಕಡಿಮೆ 40% ಮುಳುಗಿತು. ಕ್ರಮ ಬದಲಾಯಿಸಿದ ಮೇಲೆ ಕೊಂಡದ್ದು ನೆನಪಿರುವ ಮಟ್ಟಿಗೆ 45ರ ಆಸುಪಾಸು. 4 ಹಿಂದಕ್ಕೆ ಹೋದವು, ನಾಲ್ಕಕ್ಕೂ ಹಣ ಬಂತು. ಹೇಳಿದ್ದು ಒಂದು, ಬಂದದ್ದು ಇನ್ನೊಂದು ಎನ್ನುವ ಕಲ್ಲು ಅದರಲ್ಲಿ ಒಂದೂ ಇಲ್ಲ. ಲ್ಯಾಬ್‌ಗೆ ಕಳಿಸಿದ ಆರರ ವರದಿಯೂ ಮನೆಯಲ್ಲೇ ಮಾಡಿದ ತೀರ್ಮಾನಕ್ಕೆ ಸರಿಹೊಂದಿತು. ಲೂಪ್ (ಕಲ್ಲು ನೋಡುವ ಭೂತಗನ್ನಡಿ), ತಕ್ಕಡಿ, ಕ್ಯಾಲಿಪರ್ (ಉದ್ದ, ಆಳ ಅಳೆಯುವ ಉಪಕರಣ) ಬಳಸಿ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಹಾಗಾಗಿ ಮೂಲಪಾಠ ಇಲ್ಲಿಲ್ಲ.

ಆ ಐದರ ಲೆಕ್ಕ ಮೊದಲು. ಎರಡು ಮಾಣಿಕ್ಯಗಳಲ್ಲಿ ಸೀಸದ ಗಾಜು ತುಂಬಿತ್ತು. ಅಕ್ವಮರೀನ್ ಎಂದು ಬಂದ 3.2 ಕ್ಯಾರೆಟ್ ಕಲ್ಲು ಸಿಂಥೆಟಿಕ್ ಸ್ಪಿನೆಲ್, ಅಂದರೆ ಕೃತಕವಾಗಿ ಬೆಳೆಸಿದ ಬೇರೆಯೇ ಕಲ್ಲು. ಒಂದು ನೀಲಕ್ಕೆ (ಸಫೈರ್) ನಡುವೆ ಅರ್ಧ ಮುಖದಷ್ಟು ವಿಂಡೋ, ಅಂದರೆ ಬೆಳಕು ಸೋರಿಹೋಗಿ ಹಿಂದಿನದು ಕಾಣುವ ಜಾಗ. ಐದನೆಯದು ಜಿರ್ಕಾನ್. ಬೇರೆ ಕಲ್ಲುಗಳ ಜೊತೆ ಒಂದೇ ಪೊಟ್ಟಣದಲ್ಲಿ ತಿಕ್ಕಾಡಿಕೊಂಡು ಬಂದು ಫ್ಯಾಸೆಟ್ (ಸಾಣೆ ಹಿಡಿದ ಪುಟ್ಟ ಮುಖಗಳ) ಅಂಚುಗಳೆಲ್ಲ ಸವೆದಿದ್ದವು. ಮೋಸ ಎನ್ನಬಹುದಾದವು ಮೊದಲ ಮೂರೇ, ಉಳಿದೆರಡು ಕೇಳಬೇಕಾದ್ದನ್ನು ಕೇಳದೆ ಆದ ನಷ್ಟ. ಆದರೆ ಐದರ ಹಣವೂ ಹೋಗಲು ಕಾರಣ ಒಂದೇ. ವಾಪಸಾತಿಗೆ 7 ದಿನ ಇತ್ತು, ಪರೀಕ್ಷೆ ನಡೆದದ್ದು ಮೂರನೇ ವಾರದಲ್ಲಿ. ಅಕ್ವಮರೀನ್ ಎಂಬ ಆ ಕಲ್ಲು ಗಾಳಿಯಲ್ಲಿ 0.640 ಗ್ರಾಂ ತೂಗಿತು, ಬದಿಗೆ ತಳ್ಳಿದ ನೀರು 0.176 ಗ್ರಾಂ. ಭಾಗಿಸಿದರೆ ಎಸ್‌ಜಿ (ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಎಂಬ ಅಂಕಿ) 3.64. ನಿಜವಾದ ಅಕ್ವಮರೀನ್ 2.72ರ ಹತ್ತಿರ ಇರಬೇಕು, ಅಂದರೆ 0.235 ಗ್ರಾಂ ನೀರು ತಳ್ಳಬೇಕಿತ್ತು. ಹತ್ತು ನಿಮಿಷದ ಕೆಲಸ, ಎರಡು ವಾರ ತಡವಾಗಿ. ಗಾಜು ತುಂಬಿದ ಮಾಣಿಕ್ಯವೊಂದನ್ನು ನೋಡದೆಯೇ ಉಂಗುರಕ್ಕೆ ಕೂರಿಸಲು ಕೊಟ್ಟಿದ್ದೆ. ಬೆಸುಗೆಯ ಬಿಸಿಗೆ ಬಿರುಕಿನೊಳಗಿನ ಗಾಜು ಕದಲಿ, ಬಿಳಿ ಗೆರೆಗಳು ಮೇಲೆದ್ದವು. ಈ ಗಾಜು ಲಿಂಬೆರಸಕ್ಕೂ ಕರಗುತ್ತದೆ, ಬೆಸುಗೆಯ ನಂತರದ ಆಮ್ಲದಲ್ಲಿ ಉಳಿಯುವ ಮಾತೇ ಇಲ್ಲ.

ಇಲ್ಲಿಂದ ಹೊಳೆದದ್ದು ಇಷ್ಟು: ದೊಡ್ಡ ಕಲ್ಲನ್ನು ಪರೀಕ್ಷಿಸುವ ಮೊದಲು ಮಾರಾಟಗಾರನನ್ನು ಪರೀಕ್ಷಿಸಬೇಕು. ಹೊಸಬನಿಂದ ಮೊದಲು ಮೂರು ಅಗ್ಗದ ಕಲ್ಲು ತರಿಸುತ್ತೇನೆ. ಮೂರಕ್ಕೂ ಒಂದೊಂದು ಕೆಲಸ ಇದೆ. ಮೊದಲನೆಯದು ದುಂಡನೆಯ ಗಾರ್ನೆಟ್. ಅವನು ಬರೆದ ತೂಕ, ಅಳತೆ ನಿಜವೇ ಎಂದು ನೋಡಲು. ಎರಡನೆಯದು ಒಳಗೆ ಕಲೆ, ಬಿರುಕು ಕಾಣುವ ಅಗ್ಗದ ಮಾಣಿಕ್ಯ ಅಥವಾ ನೀಲ. ಕಾಯಿಸಿದ್ದೇ, ಏನಾದರೂ ತುಂಬಿದೆಯೇ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಲು. ಮೂರನೆಯದು ನೇರಳೆ: ಅಮೆಥಿಸ್ಟ್ ಅಥವಾ ಟಾಂಜನೈಟ್. ನೇರಳೆಯನ್ನು ಕ್ಯಾಮೆರಾ ನೀಲಿಯತ್ತ ಎಳೆಯುತ್ತದೆ. ಆ ವ್ಯತ್ಯಾಸವನ್ನು ಅವನಾಗಿಯೇ ಹೇಳುತ್ತಾನೋ, ಚಂದ ಕಂಡ ಫೋಟೊವನ್ನೇ ಮಾರುತ್ತಾನೋ ಎಂಬುದು ಇಲ್ಲಿ ತಿಳಿಯುತ್ತದೆ. ಆ ಮಾರಾಟಗಾರನಲ್ಲಿ ಮುಂದೆ ಎಷ್ಟು ಖರ್ಚು ಮಾಡುವ ಅಂದಾಜಿದೆಯೋ ಅದರ 5% ಮೀರದಂತೆ ಈ ಮೂರನ್ನೂ ಮುಗಿಸುತ್ತೇನೆ. ಹೀಗೆ ಸುಮಾರು 11 ಜನರನ್ನು ನೋಡಿದ್ದಾಯಿತು. ಉಳಿದುಕೊಂಡವರು 4. ಬಿದ್ದುಹೋದವರಲ್ಲಿ ಹೆಚ್ಚಿನವರು ಎರಡನೇ ಕಲ್ಲಿನಲ್ಲೇ ಬಿದ್ದರು. ಸುಳ್ಳು ಹೇಳಿ ಅಲ್ಲ, ಬಿಲ್ಲಿನ ಮೇಲೆ ಬರೆದುಕೊಡಲು ಒಪ್ಪದೆ. ಮೂರೂ ಕಲ್ಲುಗಳನ್ನು ಒಂದೇ ಆರ್ಡರಿನಲ್ಲಿ ಹಾಕುವ ಕ್ರಮದಲ್ಲಿ ಇನ್ನೊಂದು ಸಣ್ಣ ಉಪಾಯ ಇದೆ, ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದುಡ್ಡು ಕೊಡುವ ಮುಂಚೆ ಮಾಡಬಹುದಾದ ಅತ್ಯುತ್ತಮ ಕೆಲಸವೆಂದರೆ ಗುಣಾಕಾರ. ದುಂಡು ಕಲ್ಲಿಗೆ ವ್ಯಾಸದ ವರ್ಗ × ಆಳ × ಎಸ್‌ಜಿ × 0.0018. ಓವಲ್‌ಗೆ ಉದ್ದ, ಅಗಲಗಳ ಸರಾಸರಿಯ ವರ್ಗ × ಆಳ × ಎಸ್‌ಜಿ × 0.0020. ಅಳತೆಗಳು ಮಿಲಿಮೀಟರಿನಲ್ಲಿ, ಉತ್ತರ ಕ್ಯಾರೆಟ್‌ನಲ್ಲಿ. 8 × 6 × 4 ಅಳತೆಯ ಓವಲ್ ನೀಲ ಎಂದುಕೊಳ್ಳಿ: ಸರಾಸರಿ 7, ವರ್ಗ 49, ಕೊನೆಗೆ ಸುಮಾರು 1.57 ಕ್ಯಾರೆಟ್. ಅದೇ ಅಳತೆಗೆ 2.2 ಕ್ಯಾರೆಟ್ ಎಂದು ಬರೆದಿದ್ದರೆ ಎಸ್‌ಜಿ 5.6ಕ್ಕೆ ಹೋಯಿತು, ಅದು ಕ್ಯೂಬಿಕ್ ಜಿರ್ಕೋನಿಯಾ ಎಂಬ ಕೃತಕ ಕಲ್ಲಿನ ತೂಕ. 1 ಕ್ಯಾರೆಟ್ ಎಂದಿದ್ದರೆ ಗಾಜಿನ ಕಡೆಗೆ ಬಂತು. ಕೆಳಭಾಗ ಉಬ್ಬಿದ್ದರೆ, ಗರ್ಡಲ್ (ಕಲ್ಲಿನ ಸುತ್ತಲಿನ ಅಂಚು) ದಪ್ಪವಿದ್ದರೆ 10% ಆಚೀಚೆ ಆಗುವುದು ಸಹಜ. ಹಾಗಾಗಿ ನೀಲಕ್ಕೂ (4.00) ಸ್ಪಿನೆಲ್‌ಗೂ (3.60) ವ್ಯತ್ಯಾಸ ಹೇಳಲು ಈ ಲೆಕ್ಕ ಸಾಲದು. ದೊಡ್ಡ ಸುಳ್ಳನ್ನು ಮಾತ್ರ ಇದು ಹಿಡಿಯುತ್ತದೆ. ಆಳವನ್ನು ಬರೆಯದೆ ಉದ್ದ, ಅಗಲ ಮಾತ್ರ ಬರೆಯುವವರಿಂದ ಆಳ ಕೇಳಿ ಪಡೆಯಲೇಬೇಕು.

ಇದೇ ಲೆಕ್ಕ ಹಣವನ್ನೂ ಉಳಿಸುತ್ತದೆ. 8 × 6 ಮುಖದ ನೀಲ 2 ಕ್ಯಾರೆಟ್ ತೂಗಿದರೆ ಹೆಚ್ಚಿನ 0.4 ಕ್ಯಾರೆಟ್ ಹೊಟ್ಟೆಯಲ್ಲಿದೆ. ಕೂರಿಸಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಕ್ಯಾರೆಟ್ ದರದಲ್ಲಿ ಕಾಲುಪಾಲು ಹೆಚ್ಚು ಕೊಟ್ಟಿರುತ್ತೇವೆ. ಕ್ಯಾರೆಟ್ ದರಕ್ಕಿಂತ ಮುಖದ ಅಳತೆಗೆ ಎಷ್ಟು ಬಿತ್ತು ಎಂದು ಹೋಲಿಸುವುದು ನನ್ನ ರೂಢಿ. ಅಗಲದ 60ರಿಂದ 75% ಆಳವಿದ್ದರೆ ಮುಂದೆ ಮಾತು, 85% ದಾಟಿದರೆ ದರ ಇಳಿಸಲು ಹೇಳುತ್ತೇನೆ. ತೀರಾ ಚಪ್ಪಟೆಯಾದರೆ ವಿಂಡೋ ಗ್ಯಾರಂಟಿ.

ಫೋಟೊ ನಂಬುವುದಿಲ್ಲ, ವಿಡಿಯೊ ಕೇಳುತ್ತೇನೆ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ, ಬಿಳಿ ಕಾಗದದ ಮೇಲೆ, ಆಮೇಲೆ ಬೆರಳುಗಳ ನಡುವೆ, ಕೊನೆಗೆ ಕೋಣೆಯ ಹಳದಿ ಬಲ್ಬಿನ ಕೆಳಗೆ. ಕಲ್ಲನ್ನು ಆಚೀಚೆ 30 ಡಿಗ್ರಿ ವಾಲಿಸಬೇಕು. ಕಾಗದ ಬೆಳ್ಳಗಿಲ್ಲದಿದ್ದರೆ, ಬೆರಳಿನ ಚರ್ಮ ಗುಲಾಬಿಗೋ ಹಸಿರಿಗೋ ತಿರುಗಿದ್ದರೆ ಆ ವಿಡಿಯೊದ ಬಣ್ಣಕ್ಕೆ ಬೆಲೆಯಿಲ್ಲ. ಬೆರಳ ನಡುವೆ ಇಡಿಸುವುದಕ್ಕೆ ಇನ್ನೊಂದು ಕಾರಣ ವಿಂಡೋ: ನಡುಭಾಗದಲ್ಲಿ ಚರ್ಮ ಕಂಡರೆ ಅಲ್ಲಿಂದ ಬೆಳಕು ಸೋರಿಹೋಗುತ್ತಿದೆ ಎಂದರ್ಥ. ಕಪ್ಪು ತಟ್ಟೆಯ ಮೇಲೆ ಇದೇ ವಿಂಡೋ ಗಾಢ ಬಣ್ಣದಂತೆ ಕಂಡು ಮೋಸಹೋಗುತ್ತೇವೆ. ಅರ್ಧ ಮುಖದ ವಿಂಡೋ ಇದ್ದ ಆ ನೀಲ ಕಪ್ಪು ತಟ್ಟೆಯ ಫೋಟೊದಲ್ಲೇ ಬಂದದ್ದು. ವಿಡಿಯೊದಲ್ಲಿ ಕಲ್ಲಿನ ಪಕ್ಕ ಇಡಿಸುವ ವಸ್ತು ಇನ್ನೊಂದಿದೆ. ಅದೇನೆಂದು ಬರೆದರೆ ಮಾರುವವರು ಸಿದ್ಧವಾಗಿಬಿಡುತ್ತಾರೆ, ಇಲ್ಲಿಗೆ ಬಿಡುತ್ತೇನೆ.

ಹೆಸರಿನ ಗೊಂದಲವನ್ನೂ ಬರಹದಲ್ಲೇ ಬಿಡಿಸಿಕೊಳ್ಳಬೇಕು. ಪುಷ್ಯರಾಗ ಎಂದರೆ ಒಬ್ಬರಿಗೆ ಹಳದಿ ಸಫೈರ್, ಇನ್ನೊಬ್ಬರಿಗೆ ಟೋಪಾಜ್. ಸ್ಮೋಕಿ ಟೋಪಾಜ್ ಎಂದರೆ ಸ್ಮೋಕಿ ಕ್ವಾರ್ಟ್ಜ್ ಎಂದೇ ತಿಳಿಯಿರಿ. ಕ್ರಿಯೇಟೆಡ್, ಲ್ಯಾಬ್ ಗ್ರೋನ್ ಎಂಬ ಮಾತು ಪುಟದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಖನಿಜದ ಹೆಸರು, ನ್ಯಾಚುರಲ್ ಎಂಬ ಪದ, ಸಂಸ್ಕರಣೆ, ತೂಕ, ಮೂರು ಅಳತೆ ಇವಿಷ್ಟೂ ಬಿಲ್ಲಿನಲ್ಲಿ ಬರದಿದ್ದರೆ ಕೊಳ್ಳುವುದಿಲ್ಲ.

ಪಾರ್ಸೆಲ್ ಬಂದ ದಿನವೇ ಕೆಲಸ ಶುರು. ಬಿಚ್ಚುವ ಮೊದಲಿನಿಂದ ಕಲ್ಲು ತಕ್ಕಡಿಗೆ ಏರುವವರೆಗೆ ಕತ್ತರಿಸದ ಒಂದೇ ವಿಡಿಯೊ. ಆಮೇಲೆ ಲೂಪ್‌ಗೆ ಫೋನ್ ಹಿಡಿದು ಇನ್‌ಕ್ಲೂಶನ್‌ಗಳ (ಕಲ್ಲಿನೊಳಗಿನ ಗುರುತುಗಳ) ಎರಡು ಮೂರು ಫೋಟೊ. ಸೂಜಿ, ಹರಳು, ವಾಸಿಯಾದ ಬಿರುಕು ಇರುವ ಜಾಗ ಪ್ರತಿ ಕಲ್ಲಿಗೂ ಬೇರೆ, ಹಾಗಾಗಿ ಹಿಂದಿರುಗಿಸುವಾಗ ನೀವು ಕಲ್ಲು ಬದಲಾಯಿಸಿದ್ದೀರಿ ಎಂಬ ಮಾತಿಗೆ ಜಾಗವಿರುವುದಿಲ್ಲ. ವಾಪಸ್ ಹೋದ ನಾಲ್ಕರಲ್ಲಿ ಒಂದಕ್ಕೆ ಈ ಮಾತು ಬಂದೇ ಬಂತು. ಎರಡು ಫೋಟೊ ಕಳಿಸಿದ ಮೇಲೆ ಮೂರು ದಿನಕ್ಕೆ ಹಣ ಬಂತು.

ನಂತರ ಎಸ್‌ಜಿ. 0.001 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ತೆಳು ನೈಲಾನ್ ದಾರದಲ್ಲಿ ಕಲ್ಲನ್ನು ತಳಕ್ಕೂ ಬದಿಗೂ ತಾಗದಂತೆ ಮುಳುಗಿಸಿದರೆ ತೋರಿಸುವ ಅಂಕಿಯೇ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಮುಗಿಯಿತು. ಪಾತ್ರೆ ತೊಳೆಯುವ ಸೋಪು ಅರ್ಧ ಹನಿ ಹಾಕದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಎಸ್‌ಜಿ ಕಡಿಮೆ ಬರುತ್ತದೆ. 1 ಕ್ಯಾರೆಟ್ ನೀಲ ತಳ್ಳುವ ನೀರು ಬರೀ 0.050 ಗ್ರಾಂ. ಒಂದು ಮಿಲಿಗ್ರಾಂ ತಪ್ಪಿದರೆ 2% ತಪ್ಪು, ಅಷ್ಟನ್ನು ಸಹಿಸಬಹುದು. ಅರ್ಧ ಕ್ಯಾರೆಟ್‌ಗೆ 4% ಆಗುತ್ತದೆ, ಅಲ್ಲಿಗೆ ಈ ಪರೀಕ್ಷೆಯ ಬಲ ಮುಗಿಯಿತು. ಐದು ಸಲ ತೂಗಿ ನಡುವಿನ ಅಂಕಿ ಹಿಡಿಯುತ್ತೇನೆ.

ರಿಫ್ರಾಕ್ಟೋಮೀಟರ್ (ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬ ಅಂಕಿ, ಅಂದರೆ ಆರ್‌ಐ, ತೋರಿಸುವ ಉಪಕರಣ) ಇದ್ದರೆ ಚುಕ್ಕೆಯಷ್ಟೇ ದ್ರವ ಸಾಕು, ಜಾಸ್ತಿಯಾದರೆ ಕಲ್ಲು ತೇಲಿ ಗೆರೆ ಮಸುಕಾಗುತ್ತದೆ. ಅದರ ಗಾಜು ಮೃದು, ಚಿಮಟದಿಂದ ಕಲ್ಲನ್ನು ಎಳೆದರೆ ಗೀರು ಖಂಡಿತ. ಸಿಂಥೆಟಿಕ್ ಸ್ಪಿನೆಲ್ 1.728ರಲ್ಲಿ ನಿಲ್ಲುತ್ತದೆ, ಅಕ್ವಮರೀನ್ 1.58ರ ಹತ್ತಿರ. ಗೊಂದಲಕ್ಕೆ ಎಡೆಯೇ ಇಲ್ಲ.

ಆದರೆ ಅಂಕಿಗಳ ಮೇಲೆ ಅತಿಯಾದ ಭರವಸೆ ಬೇಡ. ಸಿಂಥೆಟಿಕ್ ಮಾಣಿಕ್ಯಕ್ಕೂ ಗಣಿಯ ಮಾಣಿಕ್ಯಕ್ಕೂ ಎಸ್‌ಜಿ, ಆರ್‌ಐ ಎರಡೂ ಒಂದೇ. ಅಲ್ಲಿ ಕೆಲಸಕ್ಕೆ ಬರುವುದು ಲೂಪ್ ಮತ್ತು ತಾಳ್ಮೆ. 1902ರಲ್ಲಿ ಫ್ರೆಂಚ್ ರಸಾಯನವಿಜ್ಞಾನಿ ವರ್ನೂಯಿ ಪ್ರಕಟಿಸಿದ ಜ್ವಾಲೆಯ ವಿಧಾನದ ಕಲ್ಲುಗಳೇ ಇವತ್ತಿಗೂ ಅತಿ ಅಗ್ಗ, ಅವುಗಳ ಬೆಳವಣಿಗೆಯ ಗೆರೆ ಬಾಗಿರುತ್ತದೆ. ಗಣಿಯ ಕಲ್ಲಿನ ಬಣ್ಣದ ಪಟ್ಟೆ ನೇರ, ಕೋನಕೋನವಾಗಿ ತಿರುಗುತ್ತದೆ. ಮೂರು ದಿಕ್ಕಿನಲ್ಲಿ ಹಾಯುವ ಸಣ್ಣ ಸೂಜಿಗಳು ಕಂಡರೆ ಮನಸ್ಸು ಹಗುರ. ಕಲ್ಲನ್ನು ನೀರಿನಲ್ಲೋ ಗ್ಲಿಸರಿನ್‌ನಲ್ಲೋ ಮುಳುಗಿಸಿ, ಹಿಂದೆ ಬಿಳಿ ಪ್ಲಾಸ್ಟಿಕ್ ಹಾಳೆ ಇಟ್ಟು ಬೆಳಕು ಬಿಟ್ಟರೆ ಈ ಗೆರೆಗಳು ಬೇಗ ಸಿಗುತ್ತವೆ. ಎರಡು ತುಂಡು ಅಂಟಿಸಿದ ಡಬ್ಲೆಟ್‌ನ ಕೂಡುಗೆರೆಯೂ ಅಲ್ಲೇ ಎದ್ದು ಕಾಣುತ್ತದೆ. ಪಚ್ಚೆ, ಓಪಲ್ ಎರಡನ್ನೂ ಗ್ಲಿಸರಿನ್‌ಗೆ ಹಾಕುವುದಿಲ್ಲ. ಗಾಜು ತುಂಬಿದ ಮಾಣಿಕ್ಯವನ್ನು ವಾಲಿಸುವಾಗ ಬಿರುಕಿನಲ್ಲಿ ನೀಲಿ ಮಿಂಚು, ಒಳಗೆ ಚಪ್ಪಟೆ ಗುಳ್ಳೆ ಕಾಣುತ್ತದೆ. ಒಮ್ಮೆ ನೋಡಿದ ಕಣ್ಣಿಗೆ ಮತ್ತೆ ತಪ್ಪುವುದಿಲ್ಲ.

ಪಕ್ಕದ ಪ್ರಯೋಗಗಳಲ್ಲಿ ನಿಜಕ್ಕೂ ಫಲ ಕೊಟ್ಟದ್ದು ಎಲ್‌ಸಿಡಿ ಮಾನಿಟರ್. ಪರದೆಯ ತುಂಬ ಬಿಳಿ ಪುಟ ತೆರೆದು, ಬೆಳಕು ಸೋಸುವ ಪೋಲರಾಯ್ಡ್ ಹಾಳೆಯ ತುಂಡನ್ನು ಕಣ್ಣೆದುರು ತಿರುಗಿಸಿದರೆ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಎರಡರ ನಡುವೆ ಕಲ್ಲನ್ನು ತಿರುಗಿಸಿದಾಗ ಒಂದು ಸುತ್ತಿಗೆ ನಾಲ್ಕು ಸಲ ಬೆಳಗಿ ಆರಿದರೆ ಅದು ಗಾಜೂ ಅಲ್ಲ, ಸ್ಪಿನೆಲ್ಲೂ ಅಲ್ಲ. ಮೂರು ದಿಕ್ಕಿನಲ್ಲಿ ನೋಡಬೇಕು, ಏಕೆಂದರೆ ನೀಲವೂ ತನ್ನ ಅಕ್ಷದ ಉದ್ದಕ್ಕೆ ನೋಡಿದರೆ ಕಪ್ಪಾಗಿಯೇ ಇರುತ್ತದೆ. ನೀರಿನ ಲೋಟದಲ್ಲಿಟ್ಟು ನೋಡುವುದಾದರೆ ಗಾಜಿನ ಲೋಟವೇ ಆಗಬೇಕು, ಪ್ಲಾಸ್ಟಿಕ್ ತಾನೇ ಬಣ್ಣ ತೋರಿಸಿ ಕೆಡಿಸುತ್ತದೆ. ವಿಂಡೋ ಇದ್ದ ನೀಲವನ್ನು ಮರುಕತ್ತರಿಸಿದ್ದು ಇನ್ನೊಂದು ಪ್ರಯೋಗ. 2.60 ಇದ್ದದ್ದು 1.90ಕ್ಕೆ ಇಳಿಯಿತು. ನೋಟ ಎಷ್ಟೋ ಸುಧಾರಿಸಿತು, ಕತ್ತರಿಸಿದ ಕೂಲಿ ಸೇರಿಸಿದರೆ ಲಾಭ ಸೊನ್ನೆ. ಎರಡನೇ ಸಲ ಮಾಡಲಿಲ್ಲ.

ಮನೆಯಲ್ಲಿ ಆಗದ್ದು ಆಗುವುದಿಲ್ಲ. ಬೆರಿಲಿಯಂ ಡಿಫ್ಯೂಶನ್ (ಬಣ್ಣ ಬದಲಿಸಲು ಕಾಯಿಸಿ ಬೆರಿಲಿಯಂ ಸೇರಿಸುವುದು) ಪತ್ತೆಗೆ ಲ್ಯಾಬ್ ಬೇಕೇ ಬೇಕು, ಯಾವ ದೇಶದ ಕಲ್ಲು ಎಂಬುದಕ್ಕೂ ಅಷ್ಟೇ. ಹಾಗಾಗಿ ಮಾರಾಟಗಾರ ಮ್ಯಾನ್ಮಾರ್‌ನ ಮೊಗೋಕ್ ಎನ್ನಲಿ, ಸಿಲೋನ್ (ಶ್ರೀಲಂಕಾ) ಎನ್ನಲಿ, ಜಿಐಎ, ಎಸ್‌ಎಸ್‌ಇಎಫ್, ಗ್ಯೂಬೆಲಿನ್‌ನಂಥ ಲ್ಯಾಬ್ ವರದಿ ಇಲ್ಲದೆ ಆ ಹೆಸರಿಗೆ ಹೆಚ್ಚುವರಿ ದುಡ್ಡು ಕೊಡುವುದಿಲ್ಲ. ವರದಿ ಇದ್ದರೆ ಅದರ ಸಂಖ್ಯೆಯನ್ನು ಲ್ಯಾಬಿನ ತಾಣದಲ್ಲೇ ಹಾಕಿ ನೋಡಿ, ತೂಕ ಎರಡು ದಶಮಾಂಶದವರೆಗೆ ಹೊಂದಿಸುತ್ತೇನೆ. ಕಲ್ಲಿನ ಬೆಲೆ ಲ್ಯಾಬ್ ಶುಲ್ಕದ ಎಂಟು ಹತ್ತು ಪಟ್ಟು ದಾಟಿದಾಗ ಮಾತ್ರ ಸ್ವತಃ ಕಳಿಸುತ್ತೇನೆ. ವರದಿ ಬೇರೆ ಬಂದರೆ ವಾಪಸಾತಿಯ ಅವಧಿ ಲೆಕ್ಕಕ್ಕಿಲ್ಲ ಎಂದು ಮೊದಲೇ ಬರೆಸಿಕೊಂಡಿರುತ್ತೇನೆ.

ಒಟ್ಟು ಖರ್ಚಿನಲ್ಲಿ ಸಾಗಣೆ, ವಿಮೆ, ಸುಂಕ, ಹಣ ಬದಲಾವಣೆ ಸೇರಿ ಕಲ್ಲಿನ ಬೆಲೆಯ 12ರಿಂದ 18% ಹೋಗುತ್ತದೆ. ವಾಪಸಾತಿಯ ಅಂಚೆ ನಮ್ಮದೇ, ಅದಕ್ಕೆಂದು ನೂರಕ್ಕೆ ಮೂರು ತೆಗೆದಿಡುತ್ತೇನೆ. ಸಲಕರಣೆಗಳಿಗೆ ಹೋದದ್ದು ಮೊದಲ ಕಂತಿನಲ್ಲಿ ಕಳೆದದ್ದರ ಅರ್ಧದಷ್ಟು. ಸಣ್ಣ ಮಾರಾಟಗಾರನ ಲಾಭ ಇಲ್ಲೇ ಕಾಣುವುದು: ಮೂರನೇ ಆರ್ಡರಿನ ಹೊತ್ತಿಗೆ ದರದಲ್ಲಿ 10ರಿಂದ 15% ತಾನಾಗಿ ಇಳಿಸುತ್ತಾನೆ, ಹೊಸ ಕಲ್ಲು ಬಂದಾಗ ಮಾರಾಟಕ್ಕೆ ಹಾಕುವ ಮೊದಲೇ ವಿಡಿಯೊ ಕಳಿಸುತ್ತಾನೆ. ನಾಲ್ವರಲ್ಲಿ ಇಬ್ಬರು ಈಗ ಆಳವನ್ನೂ ಬೆರಳ ನಡುವಿನ ವಿಡಿಯೊವನ್ನೂ ಕೇಳದೆಯೇ ಕೊಡುತ್ತಿದ್ದಾರೆ.

ಐದನೆಯವನಿಗೆ ಹಾಕಿದ ಮೂರು ಕಲ್ಲಿನ ಆರ್ಡರ್ ದಾರಿಯಲ್ಲಿದೆ. ಈ ಸಲ ಗಾರ್ನೆಟ್ ಬದಲು ನೀಲಿ ಜಿರ್ಕಾನ್ ಹಾಕಿದ್ದೇನೆ. ಪ್ರತಿಯೊಂದನ್ನೂ ಬೇರೆ ಬೇರೆ ಕಾಗದದಲ್ಲಿ, ಒಳಗೆ ಹತ್ತಿಯ ಪದರ ಇಟ್ಟು ಮಡಿಸಿ ಕಳಿಸಲು ಹೇಳಿದೆ. ಜಿರ್ಕಾನ್‌ಗೆ ಯಾಕೆ ಹಾಗೆ ಎಂದು ಕೇಳದೆ ಅವನೇ, ಅದರ ಅಂಚು ಬೇಗ ಒಡೆಯುತ್ತದೆ, ಅದಕ್ಕೆ ಡಬ್ಬಿಯೇ ಬೇರೆ ಎಂದು ಬರೆದಿದ್ದಾನೆ.