ತೋಟದ ಮನೇಲಿ ಕೋವಿನೂ ಇದೆ, ಮಕ್ಕಳೂ ಇದಾರೆ: ಏನೇನು ಮಾಡ್ಬೇಕು

ನಮ್ಮಜ್ಜನ ಮನೇಲಿ ಕೋವಿ ಇರ್ತಿದ್ದಿದ್ದು ನಡುಮನೆ ಗೋಡೆ ಮೇಲೆ, ತೋಟಾ (ಕೋವಿಗೆ ಹಾಕೋ ಕಾಡತೂಸು) ಇರ್ತಿದ್ದಿದ್ದು ದೇವರ ಕೋಣೆ ಪಕ್ಕದ ಮರದ ಪೆಟ್ಟಿಗೇಲಿ, ಆ ಪೆಟ್ಟಿಗೆ ಕೀ ಗಡಿಯಾರದ ಹಿಂದೆ. ಇದ್ಯಾವ್ದೂ ಮಕ್ಕಳಿಗೆ ಗೊತ್ತಿಲ್ಲ ಅಂತ ಅಜ್ಜ ಕೊನೇವರೆಗೂ ನಂಬಿದ್ರು. ನಾವು ನಾಲ್ಕು ಜನ ಮೊಮ್ಮಕ್ಕಳಿಗೂ ಗೊತ್ತಿತ್ತು, ಗಡಿಯಾರ ಸೊಟ್ಟ ಆದ್ರೆ ಸಿಕ್ಕಾಕ್ಕೊಳ್ತೀವಿ ಅಂತ ಒಬ್ಬ ಗಡಿಯಾರ ಹಿಡ್ಕೊಂಡ್ರೆ ಇನ್ನೊಬ್ಬ ಕೀ ತೆಗೀತಿದ್ದ. ಏನೂ ಆಗ್ಲಿಲ್ಲ, ಅದು ನಮ್ಮ ಪುಣ್ಯ. ಈಗ ನನಗೂ ಎರಡು ಮಕ್ಕಳು, ಮನೇಲಿ ಒಂದು ಜೋಡು ನಳಿಗೆ ಕೋವಿ, ಅದಕ್ಕೇ ಬರೀತಿದ್ದೀನಿ.

ಕೊಡಗು, ಸಕಲೇಶಪುರ, ಮೂಡಿಗೆರೆ, ತೀರ್ಥಹಳ್ಳಿ ಕಡೆ ಕೋವಿ ಇರೋ ಮನೆ ಹೊಸದೇನಲ್ಲ. ಹಂದಿ, ಮಂಗ, ಆನೆ ಕಾಟ ಯಾರಿಗೆ ಹೇಳೋದು. ಕೊಡವರಿಗೆ ಮತ್ತೆ ಜಮ್ಮಾ ಹಿಡುವಳಿದಾರರಿಗೆ (ಕೊಡಗಲ್ಲಿ ತಲೆತಲಾಂತರದಿಂದ ಬಂದ ಜಮ್ಮಾ ಜಮೀನು ಇರೋರಿಗೆ) ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಬೇರೆ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರೆಸಿದೆ. ಮಿಕ್ಕವರೆಲ್ಲ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಮಾಡಿಸ್ಕೊಂಡು ಇಟ್ಕೊಂಡಿರೋರು. ಲೈಸೆನ್ಸ್ ಇದ್ರೂ ಇಲ್ದಿದ್ರೂ ಐದು ವರ್ಷದ ಮಗುಗೆ ಅದು ಒಂದೇ, ಗೋಡೆ ಮೇಲಿರೋ ಸಖತ್ ಸಾಮಾನು.

ಮೊದಲು ತಲೇಲಿ ಇಟ್ಕೊಳ್ಬೇಕಾದ್ದು, ಬಚ್ಚಿಡೋದು ಬೇರೆ ಬೀಗ ಹಾಕೋದು ಬೇರೆ. ಅಟ್ಟದ ಮೇಲೆ, ಮಂಚದ ಕೆಳಗೆ, ಸೀರೆ ಬೀರುವಿನ ಹಿಂದೆ, ಇವೆಲ್ಲ ಬಚ್ಚಿಡೋ ಜಾಗಗಳು. ಮನೇಲಿ ಚಕ್ಕುಲಿ ಡಬ್ಬ ಎಲ್ಲಿದೆ ಅಂತ ಕಂಡುಹಿಡಿಯೋ ಮಕ್ಕಳಿಗೆ ನಾಲ್ಕಡಿ ಉದ್ದದ ಕೋವಿ ಕಾಣಲ್ವಾ?

"ನಮ್ಮ ಹುಡುಗಂಗೆ ಹೇಳಿದೀನಿ, ಮುಟ್ಟಲ್ಲ" ಅನ್ನೋರು ತುಂಬಾ ಜನ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ, 8ರಿಂದ 12 ವರ್ಷದ ಹುಡುಗರನ್ನ ಎರಡು ಮೂರು ಜನರ ಗುಂಪು ಮಾಡಿ ಒಂದು ರೂಮಲ್ಲಿ ಬಿಟ್ಟು, ಡ್ರಾಯರ್ ಒಳಗೆ ಗುಂಡಿಲ್ಲದ ನಿಜವಾದ ಪಿಸ್ತೂಲ್ ಇಟ್ಟು ನೋಡಿದ್ರು. ಪಿಸ್ತೂಲ್ ಸಿಕ್ಕಿದ ಗುಂಪುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೈಗೆತ್ಕೊಂಡ್ವು, ಹತ್ತತ್ರ ಅರ್ಧದಷ್ಟು ಗುಂಪುಗಳಲ್ಲಿ ಯಾರಾದ್ರೂ ಒಬ್ಬ ಟ್ರಿಗರ್ ಎಳೆದ. ಹಾಗೆ ಮುಟ್ಟಿದವರಲ್ಲಿ ಬಹುಪಾಲು ಹುಡುಗರಿಗೆ ಮುಂಚೆನೇ ಬುದ್ಧಿ ಹೇಳಿ ಆಗಿತ್ತು. ಸೋ ಹೇಳಿ, ಹೇಳ್ಲೇಬೇಕು, ಆದ್ರೆ ಅದನ್ನ ನಂಬ್ಕೊಂಡು ಬೀಗ ಬಿಡ್ಬೇಡಿ.

ಈಗ ಕೆಲಸಕ್ಕೆ ಬರೋಣ. ಬ್ರೀಚ್ ಮುರಿಯೋ, ಅಂದ್ರೆ ನಳಿಗೆನ ಬುಡದ ಹತ್ರ ಬಗ್ಗಿಸಿ ತೋಟಾ ಹಾಕೋ 12 ಬೋರ್ ಕೋವಿ, ಒಂಟಿ ನಳಿಗೆ ಆಗ್ಲಿ ಜೋಡು ನಳಿಗೆ ಆಗ್ಲಿ, ಬಿಚ್ಚೋದಕ್ಕೆ ಅರ್ಧ ನಿಮಿಷ ಸಾಕು. ಮುಂದಿನ ಮರದ ತುಂಡು ತೆಗೆದ್ರೆ ನಳಿಗೆ ಬಂದ್ಬಿಡುತ್ತೆ. ನಳಿಗೆ ಒಂದು ಕಡೆ, ಟ್ರಿಗರ್ ಇರೋ ಹಿಂದಿನ ಭಾಗ ಇನ್ನೊಂದು ಕಡೆ ಬೀಗ ಹಾಕಿಡಿ, ತೋಟಾ ಮೂರನೇ ಜಾಗದಲ್ಲಿ ಬೇರೆ ಬೀಗ ಬೇರೆ ಕೀ. ಒಂದೇ ಗೊಂಚಲಲ್ಲಿ ಎಲ್ಲಾ ಕೀ ಹಾಕಿದ್ರೆ ಬೇರೆ ಬೇರೆ ಬೀಗ ಹಾಕಿದ್ದಕ್ಕೆ ಅರ್ಥ ಇಲ್ಲ. ಗೋಡೆಗೆ ಬೋಲ್ಟ್ ಹಾಕಿದ ಸ್ಟೀಲ್ ಪೆಟ್ಟಿಗೆ ಇದ್ರೆ ಒಳ್ಳೇದು, ಬೀರುವಿನ ಲಾಕರ್ ಆದ್ರೂ ಸರಿ, ಗಾಜಿನ ಶೋಕೇಸ್ ಮಾತ್ರ ಬೇಡ್ವೇ ಬೇಡ, ಅದು ಬಂದ ನೆಂಟರಿಗೆ ತೋರಿಸೋಕೆ ಅಷ್ಟೇ. ನಂಬರ್ ಲಾಕ್ ಆದ್ರೆ ಮಗುವಿನ ಬರ್ತ್‌ಡೇ, ಗಾಡಿ ನಂಬರ್ ಇಡ್ಬೇಡಿ, ನಿಮ್ಮ ಫೋನ್ ಪಿನ್ ಅವರಿಗೆ ಈಗಾಗ್ಲೇ ಗೊತ್ತು. ಟ್ರಿಗರ್‌ಗೆ ಹಾಕೋ ಲಾಕ್ ಸಿಗುತ್ತೆ, ಖಾಲಿ ಕೋವಿಗೆ ಮಾತ್ರ ಹಾಕಿ, ತೋಟಾ ಇರುವಾಗ ಹಾಕೋಕೆ ಹೋದ್ರೆ ಅದೇ ಅಪಾಯ.

ಮಲೆನಾಡವರು ಇಲ್ಲಿ ಒಂದು ತಕರಾರು ತೆಗೀತಾರೆ, ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರು ಒಳಗಿಟ್ರೆ ನಳಿಗೆ ತುಕ್ಕು ಹಿಡಿಯುತ್ತೆ, ಅದಕ್ಕೇ ಒಲೆ ಹತ್ರ ಬೆಚ್ಚಗಿರೋ ಕಡೆ ನೇತುಹಾಕ್ತೀವಿ ಅಂತ. ಮಾತು ನಿಜ, ಆದ್ರೆ ಅದಕ್ಕೆ ಪರಿಹಾರ ಇದೆ. ಬಟ್ಟೆ ಚೀಲ, ಚರ್ಮದ ಚೀಲದೊಳಗೆ ತುಂಬಿಡ್ಬೇಡಿ, ತೇವ ಎಳ್ಕೊಳ್ಳೋದೇ ಅದು. ತೆಳುವಾಗಿ ಕೋವಿ ಎಣ್ಣೆ ಒರೆಸಿ, ಪೆಟ್ಟಿಗೇಲಿ ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿ, ವಾರಕ್ಕೊಂದ್ಸಲ ಮಕ್ಕಳು ಸ್ಕೂಲಿಗೆ ಹೋದಾಗ ತೆಗೆದು ಒರೆಸಿ. ಒರೆಸಿದ ಮೇಲೆ ಕೈ ತೊಳ್ಕೊಳ್ಳಿ, ಸೀಸದ ಪುಡಿ ಕೈಗಂಟಿರುತ್ತೆ, ಅದೇ ಕೈಯಲ್ಲಿ ಮಗು ಎತ್ಕೊಳ್ಳೋದು ಬೇಡ.

ನನ್ನ ಪ್ರಕಾರ ಅತಿ ಅಪಾಯದ ಹೊತ್ತು ಅಂದ್ರೆ ರಾತ್ರಿ ಹಂದಿ ಓಡಿಸಿ ವಾಪಸ್ ಬರೋ ಹೊತ್ತು. ಮೈಯೆಲ್ಲಾ ಒದ್ದೆ, ಕಾಲಿಗೆ ಉಂಬಳ, ನಿದ್ದೆ ಎಳೀತಿರುತ್ತೆ, ಕೋವಿನ ಬಾಗಿಲ ಮೂಲೇಲಿ ಒರಗಿಸಿ ಬೆಳಗ್ಗೆ ನೋಡ್ಕೊಳ್ಳೋಣ ಅಂತ ಮಲಗಿಬಿಡ್ತೀವಿ. ಬೆಳಗ್ಗೆ ನಮಗಿಂತ ಮುಂಚೆ ಏಳೋದು ಮಗು. ಅದಕ್ಕೆ ನಮ್ಮನೇಲಿ ಮಾಡ್ಕೊಂಡಿರೋ ರೂಲ್ಸು, ಅಂಗಳ ಹತ್ತೋ ಮುಂಚೆ ಬಾಯಿ ನೆಲದ ಕಡೆ ಮಾಡಿ ಕೋವಿ ಮುರಿದು ತೋಟಾ ತೆಗೀಬೇಕು, ಟಾರ್ಚ್ ಬಿಟ್ಟು ಎರಡೂ ನಳಿಗೆ ನೋಡ್ಬೇಕು, ಆಮೇಲೆ ತೋಟಾ ಬರೋ ಜಾಗಕ್ಕೆ ಬೆರಳಿಟ್ಟೂ ನೋಡ್ಬೇಕು. ಜೊತೆಗಿರೋನು ಇನ್ನೊಂದ್ಸಲ ನೋಡ್ಬೇಕು. ಎಷ್ಟು ತೋಟಾ ತಗೊಂಡು ಹೋಗಿದ್ವಿ, ಎಷ್ಟು ಹೊಡೆದ್ವಿ, ಎಷ್ಟು ಉಳೀತು, ಲೆಕ್ಕ ಹಾಕಿ, ಜಾಕೆಟ್ ಜೇಬಲ್ಲಿ ಒಂದು ಉಳ್ಕೊಂಡಿರೋದು ಮಾಮೂಲು. ಬಿಚ್ಚಿ ಬೀಗ ಹಾಕಿದ ಮೇಲೇನೇ ಕಾಫಿ.

ಹಳೇ ಕೇಪಿನ ಕೋವಿ, ಅಂದ್ರೆ ನಳಿಗೆ ಬಾಯಿಂದ ಮದ್ದು ಜಡಿದು ಹಿಂದೆ ಕೇಪು ಇಟ್ಟು ಹೊಡೆಯೋದು, ಇರೋರಿಗೆ ಇದು ಸಾಕಾಗಲ್ಲ. ಮದ್ದು ಜಡಿದು ಇಟ್ಟಿದಾರಾ ಇಲ್ವಾ ಅಂತ ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ. ನಳಿಗೆಯ ಪೂರ್ತಿ ಆಳ ಎಷ್ಟು ಅಂತ ಖಾಲಿ ಇರುವಾಗ್ಲೇ ಜಡಿಯೋ ಕಡ್ಡಿ ಮೇಲೆ ಗುರುತು ಮಾಡಿಡಿ, ಆಮೇಲೆ ಯಾವಾಗ ಇಳಿಸಿದ್ರೂ ಆ ಗುರುತು ನಳಿಗೆ ಬಾಯಿಗಿಂತ ಮೇಲೆ ನಿಂತ್ರೆ ಒಳಗೆ ಮದ್ದಿದೆ ಅಂತಲೇ ಲೆಕ್ಕ. ಕಡ್ಡಿ ಇಳಿಸುವಾಗ ಮುಖ ನಳಿಗೆ ಮೇಲೆ ತರ್ಬೇಡಿ. ಕೇಪ್ ತೆಗೆದ್ಬಿಟ್ರೆ ಸೇಫ್ ಅನ್ನೋದು ಸುಳ್ಳು, ಒಂದು ಕಿಡಿ ಸಾಕು. ಮನೇಲಿ ಕೆದಕೋಕೆ ಹೋಗ್ಬೇಡಿ, ಲೈಸೆನ್ಸ್ ಇರೋ ಕೋವಿ ರಿಪೇರಿಯವರ ಹತ್ರ ಮಾತಾಡಿ.

ಮಕ್ಕಳಿಗೆ ಖಾಲಿ ತೋಟಾ ಆಟಕ್ಕೆ ಕೊಡೋ ಅಭ್ಯಾಸ ದಯವಿಟ್ಟು ಬಿಡಿ. ನಾವೂ ಪೀಪಿ ಊದಿದ್ದೀವಿ, ಕೆಂಪು ಪ್ಲಾಸ್ಟಿಕ್ಕು ಹಿತ್ತಾಳೆ ತಳ, ಚೆನ್ನಾಗೇ ಇರುತ್ತೆ, ಆದ್ರೆ ಖಾಲಿ ಯಾವ್ದು ತುಂಬಿದ್ದು ಯಾವ್ದು ಅಂತ ನಾಲ್ಕು ವರ್ಷದ್ದಕ್ಕೆ ಗೊತ್ತಾಗುತ್ತಾ. ಇವತ್ತು ಆಟದ ಸಾಮಾನು, ನಾಳೆ ಮುಟ್ಟಿದ್ರೆ ಏಟು ಅಂದ್ರೆ ಮಗು ಏನು ಅರ್ಥ ಮಾಡ್ಕೊಳ್ಳುತ್ತೆ. ಏರ್ ಗನ್ನೂ ಅಷ್ಟೇ. 20 ಜೂಲ್‌ಗಿಂತ ಕಮ್ಮಿ ಶಕ್ತಿ ಇರೋ 0.177 ಇಂಚು ನಳಿಗೆಯ ಏರ್ ಗನ್‌ಗೆ ಲೈಸೆನ್ಸ್ ಬೇಡ ಅಂತ ರಜೆಗೆ ಬಂದ ಹುಡುಗನ ಕೈಗೆ ಕೊಟ್ಟು ಕಳಿಸ್ತಾರೆ, ಹತ್ತಿರದಿಂದ ತಗುಲಿದ್ರೆ ಕಣ್ಣು ಹೋಗುತ್ತೆ, ಜೀವಾನೂ ಹೋಗ್ಬಹುದು. ಅದಕ್ಕೂ ಬೀಗ.

ಇನ್ನು ಸಣ್ಣ ಮಗುಗೆ ಟ್ರಿಗರ್ ಎಳೆಯೋ ಬಲ ಎಲ್ಲಿಂದ ಬರುತ್ತೆ ಅನ್ಬೇಡಿ. ಒಂದು ಬೆರಳಲ್ಲಿ ಆಗ್ದಿದ್ರೆ ಕೋವಿನ ತಿರುಗಿಸಿ ಎರಡೂ ಹೆಬ್ಬೆರಳಲ್ಲಿ ಒತ್ತುತ್ತೆ, ಆಗ ನಳಿಗೆ ಯಾವ ಕಡೆ ಇರುತ್ತೆ ಯೋಚನೆ ಮಾಡಿ.

ಮಕ್ಕಳಿಗೆ ಹೇಳೋದು ಚಿಕ್ಕದಾಗಿರ್ಲಿ: ಕೋವಿ ಕಂಡ್ರೆ ನಿಲ್ಲು, ಮುಟ್ಬೇಡ, ಅಲ್ಲಿಂದ ಹೊರಡು, ದೊಡ್ಡವರಿಗೆ ಹೇಳು. ಹೇಳಿದ ಮಗುಗೆ "ನೀನ್ಯಾಕೆ ಅಲ್ಲಿಗೆ ಹೋದೆ" ಅಂತ ಬೈದ್ರೆ ಇನ್ನೊಂದ್ಸಲ ಅದು ಬಾಯಿ ಬಿಡಲ್ಲ. ತೋಟದಲ್ಲಿ ಬಿದ್ದಿರೋ ಉಂಡೆ, ಪೊಟ್ಟಣ ಮುಟ್ಬಾರ್ದು ಅಂತಾನೂ ಸೇರಿಸಿ, ಹಂದಿಗೆ ಅಂತ ಕದ್ದು ಇಡೋ ಸಿಡಿಮದ್ದು ಇನ್ನೂ ನಿಂತಿಲ್ಲ.

ದೊಡ್ಡ ಮಕ್ಕಳ ವಿಷಯ ಬೇರೆ. ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಟೈಮಲ್ಲಿ, ಮನೇಲಿ ಜಗಳ ಆದಾಗ, ಹುಡುಗ ಅಥವಾ ಹುಡುಗಿ ಊಟ ಬಿಟ್ಟು ಮಂಕಾಗಿದ್ರೆ, ಕೋವಿ ಮನೇಲಿ ಇರೋದೇ ಬೇಡ. ಎಲೆಕ್ಷನ್ ಟೈಮಲ್ಲಿ ಹೇಗಿದ್ರೂ ಠಾಣೇಲಿ ಇಡ್ತೀವಲ್ಲ, ಹಾಗೇ ಠಾಣೆ ಅಥವಾ ಲೈಸೆನ್ಸ್ ಇರೋ ಡೀಲರ್ ಹತ್ರ ಕೇಳಿ ಸ್ವಲ್ಪ ದಿನ ಒಪ್ಪಿಸಿಬಿಡಿ. ಆ ಕೆಟ್ಟ ಗಳಿಗೆ ಹೆಚ್ಚಿನ ಸಲ ಕಳೆದುಹೋಗುತ್ತೆ, ಆ ಹೊತ್ತಲ್ಲಿ ಕೈಗೆ ಏನು ಸಿಗುತ್ತೆ ಅನ್ನೋದೇ ಮುಖ್ಯ. ಮಗು ಜೊತೆ ನೇರವಾಗಿ ಕೂತು ಮಾತಾಡಿ, ಟೆಲಿ ಮಾನಸ್ ನಂಬರ್ 14416 ಇದೆ, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ.

ಕೈಲ್ ಪೊಳ್ದ್ (ಕೊಡವರ ಆಯುಧದ ಹಬ್ಬ), ಆಯುಧ ಪೂಜೆ ದಿನ ಕೋವಿ ಹೊರಗೆ ಬರುತ್ತೆ, ಹೂ ಮುಡಿಸ್ತಾರೆ, ಮಕ್ಕಳು ಸುತ್ತ ಇರ್ತಾರೆ, ಬೇಡ ಅನ್ನೋಕಾಗುತ್ತಾ. ಪೂಜೆಗೆ ಇಡೋ ಮುಂಚೆ ಇಬ್ಬರು ದೊಡ್ಡವರು ಮುರಿದು ನೋಡ್ಲಿ, ತೋಟಾ ಆ ಕೋಣೆಗೇ ಬರ್ಬಾರ್ದು, ವಾಪಸ್ ಬೀಗ ಹಾಕೋ ಜವಾಬ್ದಾರಿ ಯಾರದು ಅಂತ ಮುಂಚೆನೇ ಒಬ್ಬರ ಹೆಸರು ಹೇಳಿಬಿಡಿ, ಊಟ ಪಾನ ಶುರುವಾದ ಮೇಲೆ ಯಾರಿಗೂ ನೆನಪಿರಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ ಇದ್ರೆ ಮಕ್ಕಳು ಹೊಡೆಯೋರ ಹಿಂದೆ, ದೂರದಲ್ಲಿ, ಒಬ್ಬರ ಕೈ ಹಿಡ್ಕೊಂಡು.

ಅಕಸ್ಮಾತ್ ಏನಾದ್ರೂ ಆದ್ರೆ ಮೊದಲು ಕೋವಿ ದೂರ ಮಾಡಿ, ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಜೋರಾಗಿ ಒತ್ತಿ ಹಿಡೀರಿ, ಒಳಗೆ ಹೊಕ್ಕ ಚರೆ (ತೋಟಾದ ಸಣ್ಣ ಗುಂಡು) ಕೀಳೋಕೆ ಹೋಗ್ಬೇಡಿ, ಅರಿಶಿನ ಕಾಫಿಪುಡಿ ಹಾಕ್ಬೇಡಿ, 108ಕ್ಕೆ ಫೋನ್ ಮಾಡಿ. ನಮ್ಮ ಕಡೆ ಆಂಬುಲೆನ್ಸ್ ಬರೋದು ತಡ ಆಗುತ್ತೆ ಅನ್ಸಿದ್ರೆ ಒತ್ತಿದ ಕೈ ಬಿಡದೇ ಜೀಪಲ್ಲೇ ಹೊರಡಿ, ಅವರಿಗೆ ದಾರೀಲಿ ಸಿಗ್ತೀವಿ ಅಂತ ಹೇಳಿ.

ನಿಮ್ಮನೇಲಿ ಇಷ್ಟೆಲ್ಲಾ ಮಾಡಿ, ದಸರಾ ರಜೆಗೆ ಮಕ್ಕಳನ್ನ ನೆಂಟರ ತೋಟಕ್ಕೆ ಕಳಿಸ್ತೀರಾ ಅಲ್ವಾ, ಅಲ್ಲಿ ಕೇಳೋಕೆ ಎಲ್ಲರಿಗೂ ಮುಜುಗರ. ನಾನು ಹೋದ ವರ್ಷ ಫೋನಲ್ಲಿ ಹೀಗೆ ಕೇಳ್ದೆ: "ಮಾವ, ನಮ್ಮ ಚಿಕ್ಕೋನು ಎಲ್ಲಾದಕ್ಕೂ ಕೈ ಹಾಕ್ತಾನೆ, ಮಹಾ ತಂಟೆ, ಕೋವಿ ಬೀಗದೊಳಗೆ ಇದ್ಯಾ?" ಮಾವ ಒಂದು ನಿಮಿಷ ಸುಮ್ಮನಿದ್ದು "ತಡಿ, ನೋಡ್ತೀನಿ" ಅಂತ ಎದ್ದು ಹೋದ್ರು. ಬಾಗಿಲ ಹಿಂದೇನೇ ಇತ್ತಂತೆ.